ಶಾಲೆ ಪತ್ರಿಕೆಗೆ ಚಿತ್ರ ಬರೆಯುತ್ತೇನೆ, ಅಚ್ಚಾದ ಮೇಲೆ ಯಾಕೆ ಸಪ್ಪೆಯಾಗಿ ಕಾಣುತ್ತದೆ?

ಗೀಚುಪುಸ್ತಕ

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ಕ್ಲಾಸು. ನಮ್ಮ ಶಾಲೆಯಲ್ಲಿ ತಿಂಗಳಿಗೊಂದು ಪತ್ರಿಕೆ ಬರುತ್ತದೆ. ಎ4 ಅಳತೆ, ಎಂಟು ಪುಟ, ಪೂರ್ತಿ ಕಪ್ಪು-ಬಿಳುಪು. ಶಾಲೆಯ ಜೆರಾಕ್ಸ್ ಯಂತ್ರದಲ್ಲೇ ತೆಗೆದು ಪಿನ್ನು ಹೊಡೆಯುತ್ತಾರೆ. ಒಂದು ವರ್ಷದಿಂದ ಅದಕ್ಕೆ ನಾನು ಚಿತ್ರ ಬರೆಯುತ್ತಿದ್ದೇನೆ. ಇವತ್ತಿನವರೆಗೆ 14 ಚಿತ್ರ ಅಚ್ಚಾಗಿವೆ. ಎಣಿಸಿ ಇಟ್ಟಿದ್ದೇನೆ.

ಮೊದಮೊದಲು ಚಿತ್ರದ ಕೆಳಗೆ ನನ್ನ ಹೆಸರು ಬಂದರೆ ಸಾಕಿತ್ತು. ಈಗ ಪತ್ರಿಕೆ ಕೈಗೆ ಬಂದಾಗ ನನ್ನ ಪುಟವನ್ನು ಬೇಗ ಮಗುಚಿಬಿಡುತ್ತೇನೆ.

ಕಳೆದ ಸಂಚಿಕೆಯ ಕಥೆ ಕೇಳಿ. ಗ್ರಂಥಾಲಯದ ಬಗ್ಗೆ ಲೇಖನ. ಎ4 ಹಾಳೆ ತುಂಬ ಪುಸ್ತಕದ ಕಪಾಟು ಬರೆದೆ. ಒಂದೊಂದು ಪುಸ್ತಕದ ಬೆನ್ನಿಗೂ ಪೆನ್ಸಿಲ್ಲಿನಲ್ಲಿ ನೆರಳು ಕೊಟ್ಟೆ. ಮೂರು ಗಂಟೆ ಹಿಡಿಯಿತು. ಪತ್ರಿಕೆಯಲ್ಲಿ ಅದು ಬೆಂಕಿಪೊಟ್ಟಣದಷ್ಟು ಆಗಿತ್ತು, ನೆರಳೆಲ್ಲ ಸೇರಿ ಮಸಿ ಮೆತ್ತಿದ ಹಾಗಿತ್ತು. ನಮ್ಮಮ್ಮ ನೋಡಿ "ಇದೇನು, ಕಿಟಕಿನಾ?" ಅಂದರು.

ಎರಡನೆಯದು ಇದಕ್ಕಿಂತ ಕಷ್ಟದ್ದು. ನನಗೆ ಲೇಖನ ಕೊಡುವುದಿಲ್ಲ. "ಪರೀಕ್ಷೆ ಭಯ ಅಂತ ಒಂದಿದೆ, ನಾಳೆಗೆ ಒಂದು ಚಿತ್ರ ಹಾಕಿಕೊಡು" ಅನ್ನುತ್ತಾರೆ, ಅಷ್ಟೇ. ನಾನು ತಲೆ ಮೇಲೆ ಕೈ ಹೊತ್ತು ಕೂತ ಹುಡುಗನನ್ನು ಬರೆದುಕೊಡುತ್ತೇನೆ. ಮನೆಕೆಲಸ ಜಾಸ್ತಿ ಅಂತ ಲೇಖನ ಬಂದಾಗಲೂ ಅವನೇ. ಮೊಬೈಲ್ ಚಟ ಅಂತ ಬಂದಾಗಲೂ ಅವನೇ. "ನಿನ್ನ ಹುಡುಗ ಮೂರು ತಿಂಗಳಿಂದ ತಲೆ ಹಿಡ್ಕೊಂಡೇ ಕೂತಿದ್ದಾನೆ, ಯಾರಾದ್ರೂ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ರೋ" ಅಂದ ನನ್ನ ಗೆಳೆಯ. ನಗು ಬಂತು, ಬೇಜಾರೂ ಆಯಿತು.

ಇನ್ನೊಂದು ಗುಟ್ಟು. ಅವನು ತಲೆ ಹಿಡಿದುಕೊಳ್ಳುವುದಕ್ಕೆ ಕಾರಣ ಇದೆ. ಬೆರಳುಗಳು ಕೂದಲಿನೊಳಗೆ ಹೋಗಿಬಿಡುತ್ತವೆ, ಬರೆಯಬೇಕಾಗಿಲ್ಲ. ನನಗೆ ಕೈ ಬರೆಯಲು ಬರುವುದಿಲ್ಲ.

ಈಗ ಎಂಟನೇ ಕ್ಲಾಸಿನ ಒಬ್ಬಳು ಸೇರಿದ್ದಾಳೆ. ಅನಿಮೆ ಥರ ಬರೆಯುತ್ತಾಳೆ, ಎಲ್ಲರೂ ಅವಳ ಪುಸ್ತಕ ಕೇಳಿ ನೋಡುತ್ತಾರೆ. ಹೊಟ್ಟೆಕಿಚ್ಚು ಅಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಡ್ರಾಯಿಂಗ್ ಟ್ಯಾಬ್ಲೆಟ್ ತೆಗೆದುಕೊಂಡರೆ ಸರಿಹೋಗುತ್ತದಾ? ಇಲ್ಲಾ ನಾನು ಕಲಿಯಬೇಕಾದ್ದು ಬೇರೆ ಏನಾದರೂ ಇದೆಯಾ?

ಕಡ್ಡಿಮನುಷ್ಯ

ಟ್ಯಾಬ್ಲೆಟ್ ಬೇಡ. ನನ್ನ ಹತ್ತಿರ ಇದೆ, ಧೂಳು ಹಿಡಿಯುತ್ತಿದೆ.

ಕೈಗೆ ಒಂದೇ ಮದ್ದು, ನಿನ್ನ ಎಡಗೈ. ನೀನು ಎಡಚನಾದರೆ ಬಲಗೈ. ಅದು ಸದಾ ಎದುರಿಗೆ ಇರುತ್ತದೆ, ಅಲುಗಾಡಬೇಡ ಅಂದರೆ ಅಲುಗಾಡುವುದಿಲ್ಲ. ಮೊದಲು ಬೆರಳು ಬರೆಯಬೇಡ. ಅಂಗೈಯನ್ನು ಒಂದು ಚಪ್ಪಟೆ ಡಬ್ಬಿ ಅಂತ ಬರಿ. ನಾಲ್ಕು ಬೆರಳನ್ನು ಸೇರಿಸಿ ಒಂದೇ ಕೈಗವಸಿನ ಹಾಗೆ ಬರಿ. ಹೆಬ್ಬೆರಳು ಬೇರೆ. ಇಷ್ಟು ಸರಿ ಬಂದ ಮೇಲೆ ಕೈಗವಸನ್ನು ನಾಲ್ಕು ಸೀಳು ಮಾಡು. ಮಧ್ಯದ ಬೆರಳಿನ ಉದ್ದ ಹೆಚ್ಚುಕಡಿಮೆ ಅಂಗೈಯಷ್ಟೇ ಇರುತ್ತದೆ, ಒಮ್ಮೆ ಅಳೆದು ನೋಡು. ಎಲ್ಲರೂ ಬೆರಳನ್ನು ಗಿಡ್ಡ ಬರೆದೇ ಕೆಡುವುದು.

ಹಳೇಪುಟದವ

ನೀನು ಅಂತಲೇ ಕರೆಯುತ್ತೇನೆ, ಪರವಾಗಿಲ್ಲ ಅಲ್ವಾ? ಪುಟ ಕಟ್ಟುವ ಕೆಲಸದಲ್ಲಿ ತಲೆ ನರೆತವನು ನಾನು. ಶುರು ಮಾಡಿದ್ದು ನಿನ್ನ ಹಾಗೇ, ಶಾಲೆ ಪತ್ರಿಕೆಗೆ ಚಿತ್ರ ಬರೆಯುತ್ತ.

ನಿನ್ನ ಕಪಾಟು ಕಿಟಕಿಯಾದದ್ದು ಓದಿ ನನ್ನದೇ ಒಂದು ಹಳೆಯ ನಾಚಿಕೆ ನೆನಪಾಯಿತು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯ ಕಾವಲುಗಾರರು ನಿವೃತ್ತರಾದರು. ಅವರ ಮುಖ ಬರೆಯುವ ಕೆಲಸ ನನಗೆ ಬಂತು. 4ಬಿ ಪೆನ್ಸಿಲ್ ತೆಗೆದುಕೊಂಡು ಬರೆದು, ಬೆರಳಿನಿಂದ ಉಜ್ಜಿ ಉಜ್ಜಿ ಕೆನ್ನೆಯ ಸುಕ್ಕು, ಕಣ್ಣಿನ ಕೆಳಗಿನ ಚೀಲ ಎಲ್ಲ ತಂದೆ. ಹಾಳೆಯ ಮೇಲೆ ನೋಡಿದವರೆಲ್ಲ ಭೇಷ್ ಅಂದರು. ಅಚ್ಚಾಗಿ ಬಂದಾಗ ಅರ್ಧ ಮುಖ ಕಪ್ಪು, ಇನ್ನರ್ಧ ಮಾಯ. ಪತ್ರಿಕೆಯನ್ನು ನಾನೇ ಓಡಿಹೋಗಿ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಯಾರಪ್ಪಾ ಇವರು?" ಅಂದರು. ಪಕ್ಕದಲ್ಲೇ ಅವರ ಹೆಸರಿತ್ತು.

ಅವತ್ತು ಯಾರೂ ನನಗೆ ಕಾರಣ ಹೇಳಲಿಲ್ಲ. ಆಮೇಲೆ ಅಚ್ಚಿನ ಮನೆಯಲ್ಲಿ ಕೆಲಸಕ್ಕೆ ಸೇರಿದಾಗ ತಿಳಿಯಿತು. ಕಪ್ಪು-ಬಿಳುಪು ಅಚ್ಚಿನಲ್ಲಿ ಬೂದು ಬಣ್ಣ ಅನ್ನುವುದೇ ಇಲ್ಲ. ಇರುವುದು ಒಂದೇ ಕಪ್ಪು ಶಾಯಿ. ಬೂದು ಕಾಣಬೇಕು ಅಂದರೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಇಟ್ಟು ಕಣ್ಣಿಗೆ ಮೋಸ ಮಾಡಬೇಕು. ಒಳ್ಳೆಯ ಕಾಗದ, ಒಳ್ಳೆಯ ಯಂತ್ರ ಆದರೆ ಆ ಚುಕ್ಕೆ ನಿಲ್ಲುತ್ತದೆ. ಸುದ್ದಿ ಕಾಗದದ ಮೇಲೆ ಶಾಯಿ ಹೀರಿಕೊಂಡು ಚುಕ್ಕೆ ಊದುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಜೆರಾಕ್ಸ್ ಯಂತ್ರದ ಕಥೆ ಬೇರೆ. ಅದು ತೆಳು ಬೂದನ್ನು ಬಿಳಿ ಮಾಡುತ್ತದೆ, ದಟ್ಟ ಬೂದನ್ನು ಕಪ್ಪು ಮಾಡುತ್ತದೆ. ನಿನ್ನ ಪೆನ್ಸಿಲ್ಲಿನ ನೆರಳು ಪೂರ್ತಿ ಆ ನಡುವಿನ ಜಾಗದಲ್ಲೇ ಇತ್ತು. ಹಾಗಾಗಿ ನಿನ್ನ ಕೈಯದೇನೂ ತಪ್ಪಿಲ್ಲ, ಯಂತ್ರಕ್ಕೆ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡಿದ್ದೀಯ, ಅಷ್ಟೇ.

ಅದಕ್ಕೇ ಹೇಳುವುದು, ಪತ್ರಿಕೆಗೆ ಬರೆಯುವಾಗ ಮೂರೇ ಬಣ್ಣ ಅಂದುಕೋ. ಬಿಳಿ, ಕಪ್ಪು, ಮತ್ತೆ ಗೆರೆ ಹಾಕಿ ಮಾಡಿದ ಒಂದು ನಡುವಿನದು. ಒಂದು ಕಡೆ ಧೈರ್ಯವಾಗಿ ಪೂರ್ತಿ ಕಪ್ಪು ತುಂಬು. ಕೂದಲಾಗಲಿ, ಮೇಜಿನ ಕೆಳಗಿನ ಕತ್ತಲಾಗಲಿ. ಅದರ ಪಕ್ಕ ಬಿಳಿ ಖಾಲಿ ಬಿಡು. ಹೊಸಬರು ಖಾಲಿ ಜಾಗ ಕಂಡರೆ ಹೆದರುತ್ತಾರೆ, ಏನಾದರೂ ತುಂಬಿಬಿಡುತ್ತಾರೆ.

ಈಗ ಅಳತೆ ವಿಷಯ. ಪೆನ್ಸಿಲ್ ಹಿಡಿಯುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಇದು ಎಷ್ಟು ಅಗಲಕ್ಕೆ ಬರುತ್ತದೆ?" ಬೇಕಾದರೆ ಸ್ಕೇಲ್ ತೆಗೆದುಕೊಂಡು ಹಳೆಯ ಸಂಚಿಕೆಯ ಕಾಲಂ ಅಳೆದುಕೋ. ಅದು 8 ಸೆಂ.ಮೀ. ಇದ್ದರೆ ನೀನು 12ಕ್ಕೋ 16ಕ್ಕೋ ಬರಿ. ಒಂದೂವರೆ ಪಟ್ಟು ಅಥವಾ ಎರಡು ಪಟ್ಟು. ಚಿಕ್ಕದಾದಾಗ ಕೈನಡುಕ ಮುಚ್ಚಿಹೋಗುತ್ತದೆ, ಗೆರೆ ಬಿಗಿಯಾಗುತ್ತದೆ. ಅದಕ್ಕಿಂತ ದೊಡ್ಡದು ಬೇಡ. ನೀನು ಎ4 ಹಾಳೆ ತುಂಬ ಬರೆದು ಬೆಂಕಿಪೊಟ್ಟಣಕ್ಕೆ ಇಳಿಸಿದೆಯಲ್ಲ, ಅಲ್ಲಿ ಕೈನಡುಕದ ಜೊತೆಗೆ ಪುಸ್ತಕಗಳೂ ಮುಚ್ಚಿಹೋದವು.

ಗೆರೆಯೂ ಚಿಕ್ಕದಾಗುತ್ತದೆ ಅನ್ನುವುದನ್ನು ಮರೆಯಬೇಡ. ಸಕುರಾ ಮೈಕ್ರಾನ್ ಪೆನ್ನಿನಲ್ಲಿ 01 ಅಂದರೆ 0.25 ಮಿ.ಮೀ. ಗೆರೆ, 05 ಅಂದರೆ 0.45, 08 ಅಂದರೆ 0.50. 01ರಲ್ಲಿ ಬರೆದು ಅರ್ಧಕ್ಕೆ ಇಳಿಸಿದರೆ ಉಳಿಯುವುದು ಮಿಲಿಮೀಟರಿನ ಎಂಟನೇ ಒಂದು ಭಾಗ. ನಿಮ್ಮ ಜೆರಾಕ್ಸ್ ಅದನ್ನು ಅಲ್ಲಲ್ಲಿ ನುಂಗಿಬಿಡುತ್ತದೆ. ಹೊರಗಿನ ಗೆರೆಗೆ 08, ಒಳಗಿನದಕ್ಕೆ 05 ಇಟ್ಟುಕೋ. ಇದೇ ಪೆನ್ನು ಬೇಕು ಅಂತಿಲ್ಲ. ನೀರಿಗೆ ಹರಡದ ಯಾವ ಕಪ್ಪು ಪೆನ್ನಾದರೂ ನಡೆಯುತ್ತದೆ, ಆದರೆ ದಪ್ಪ ಎರಡಿರಲಿ. ನೆರಳಿಗೆ ಅಡ್ಡಗೆರೆ ಹಾಕುವಾಗ ಗೆರೆ ಗೆರೆ ನಡುವೆ ಗೆರೆಗಿಂತ ಅಗಲ ಬಿಳಿ ಬಿಡು, ಇಲ್ಲಾಂದರೆ ಮತ್ತೆ ಮಸಿ.

ಕೊಡುವುದಕ್ಕೆ ಮೊದಲು ಒಂದು ಸಲ ಅದೇ ಯಂತ್ರದಲ್ಲಿ ಚಿಕ್ಕದು ಮಾಡಿ ತೆಗೆದು ನೋಡು. 50% ಅಂತ ಒತ್ತಿದರೆ ಉದ್ದ ಅಗಲ ಎರಡೂ ಅರ್ಧ ಆಗುತ್ತವೆ, ಅಂದರೆ ಚಿತ್ರ ಹಿಡಿಯುವ ಜಾಗ ಕಾಲು ಭಾಗ. ಎ4ನ್ನು ಎ5ಕ್ಕೆ ಇಳಿಸಲು 71%. ಯಂತ್ರದ ಹತ್ತಿರ ಬಿಡದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು, ಗ್ಯಾಲರಿಯಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿ ಕಾಣುತ್ತದಲ್ಲ, ಅಲ್ಲಿ ನೋಡು. ಏನು ಅಂತ ಗೊತ್ತಾಗದಿದ್ದರೆ ಪತ್ರಿಕೆಯಲ್ಲೂ ಗೊತ್ತಾಗುವುದಿಲ್ಲ.

ಸ್ಕ್ಯಾನ್ ಮಾಡುವ ಹಾಗಿದ್ದರೆ ಬರೀ ಗೆರೆಯ ಚಿತ್ರಕ್ಕೆ ಅಚ್ಚಾಗುವ ಅಳತೆಯಲ್ಲಿ 600 ಡಿಪಿಐ (ಅಂದರೆ ಒಂದು ಇಂಚಿಗೆ 600 ಚುಕ್ಕೆ), ನೆರಳಿದ್ದರೆ 300 ಸಾಕು. 8 ಸೆಂ.ಮೀ. ಅಗಲಕ್ಕೆ 600 ಡಿಪಿಐ ಅಂದರೆ ಸುಮಾರು 1890 ಪಿಕ್ಸೆಲ್. ಎರಡು ಪಟ್ಟು ಬರೆದ ಹಾಳೆಯನ್ನು 300ರಲ್ಲಿ ಸ್ಕ್ಯಾನ್ ಮಾಡಿದರೂ ಅಷ್ಟೇ ಪಿಕ್ಸೆಲ್ ಸಿಗುತ್ತವೆ. ಪಿಎನ್‌ಜಿ ಆಗಿ ಉಳಿಸು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಬೇಡ, ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸು.

ಇದೆಲ್ಲ ಕೈಕೆಲಸ. ಎರಡು ತಿಂಗಳಲ್ಲಿ ಬರುತ್ತದೆ. ತಲೆ ಹಿಡಿದ ಹುಡುಗನದು ಮಾತ್ರ ನಿಜವಾದ ರೋಗ.

ನಿನಗೆ ಲೇಖನ ಕೊಡುವುದಿಲ್ಲ, ತಲೆಬರಹ ಮಾತ್ರ ಹೇಳುತ್ತಾರೆ ಅಂದೆ. "ಪರೀಕ್ಷೆ ಭಯ" ಅನ್ನುವ ಎರಡು ಪದದಿಂದ ಯಾರು ಬರೆದರೂ ತಲೆ ಹಿಡಿದ ಹುಡುಗನೇ ಬರುತ್ತಾನೆ. ಕೇಳಿದವರಿಗೆ ನೀನು ಹೇಳಬೇಕಾದ್ದು: ಲೇಖನ ಕೊಟ್ಟರೆ ಚಿತ್ರ. ಅರ್ಧ ಬರೆದದ್ದಾದರೂ ಪರವಾಗಿಲ್ಲ, ಕರಡಾದರೂ ಸರಿ. ಅದೂ ಇಲ್ಲದಿದ್ದರೆ ಬರೆಯುತ್ತಿರುವವರ ಹತ್ತಿರ ಹೋಗಿ ಕೂತುಕೋ. ಐದು ನಿಮಿಷ ಸಾಕು.

ಶಾಲೆ ಪತ್ರಿಕೆ ಅಂದಮೇಲೆ ಗ್ರಂಥಾಲಯದ ಲೇಖನ ಇದ್ದೇ ಇರುತ್ತದೆ. ನನ್ನ ಪಾಲಿಗೂ ಒಂದು ಬಂದಿತ್ತು. ನಾನೂ ಕಪಾಟೇ ಬರೆಯಲು ಹೊರಟಿದ್ದೆ. ಬರೆದ ಹುಡುಗಿ ಊಟದ ಬಿಡುವಿನಲ್ಲಿ ಸಿಕ್ಕಳು. ಸುಮ್ನೆ ಕೇಳಿದೆ, "ನಿನಗೆ ಇದನ್ನ ಬರೀಬೇಕು ಅಂತ ಯಾಕನ್ನಿಸ್ತು?" ಅವಳು ಒಂದು ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದಳು. ವಾಪಸ್ ಕೊಡುವ ತಾರೀಕು ಒತ್ತುವ ಚೀಟಿ ಅಂಟಿಸಿರುತ್ತಾರಲ್ಲ, ಅದು. ಮೇಲಿನಿಂದ ಒತ್ತೊತ್ತಾಗಿ ಮುದ್ರೆಗಳು. ವಾರಕ್ಕೊಂದು, ಹದಿನೈದು ದಿನಕ್ಕೊಂದು. ಒಂದು ಮುದ್ರೆ ಸೊಟ್ಟಗೆ, ಒಂದು ತಲೆಕೆಳಗೆ, ಒಂದರ ಶಾಯಿ ಅರ್ಧ ಒಣಗಿದೆ. ಆಮೇಲೆ ಎರಡು ವರ್ಷದ ಹಿಂದಿನ ಒಂದು ತಾರೀಕು. ಅದರ ಕೆಳಗೆ ಏನೂ ಇಲ್ಲ, ಬರೀ ಖಾಲಿ ಚೌಕಗಳು.

ನಾನು ಆ ಚೀಟಿ ಮಾತ್ರ ಬರೆದೆ. ಮನುಷ್ಯರಿಲ್ಲ, ಪುಸ್ತಕವಿಲ್ಲ, ನೆರಳಿಲ್ಲ. ಮುಕ್ಕಾಲು ಗಂಟೆಯ ಕೆಲಸ. ಅದನ್ನು ನೋಡಿ ಯಾರೂ "ಎಷ್ಟು ಚೆನ್ನಾಗಿ ಬರೆದಿದ್ದೀಯ" ಅನ್ನಲಿಲ್ಲ. ಆದರೆ ಆ ವಾರ ಮೂರು ಜನ ತಾವು ತಂದ ಪುಸ್ತಕದ ಕೊನೆಯ ಪುಟ ತೆಗೆದು ನನಗೆ ತೋರಿಸಿದರು. ನನ್ನ ಚಿತ್ರದಿಂದ ಯಾರಾದರೂ ಏನನ್ನಾದರೂ ತೆಗೆದು ನೋಡಿದ್ದು ಅದೇ ಮೊದಲು.

ಅದಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಲೇಖನ ಓದಿ, ಅದರಲ್ಲಿ ಕೈಯಲ್ಲಿ ಹಿಡಿಯಬಹುದಾದ ವಸ್ತು ಯಾವುದಿದೆ, ಯಾರು ಏನು ಮಾಡುತ್ತಿದ್ದಾರೆ ಅಂತ ಎರಡು ಗೆರೆ ಎಳೆಯುತ್ತೇನೆ. ಆಮೇಲೆ ಅಂಚೆಚೀಟಿಯಷ್ಟು ಚಿಕ್ಕ ಹತ್ತು ಚೌಕ ಹಾಕಿ, ಒಂದೊಂದರಲ್ಲಿ ಒಂದೊಂದು ಯೋಚನೆ ಗೀಚುತ್ತೇನೆ. ಮೊದಲ ಮೂರು ಕಸ. ಅವು ಎಲ್ಲರ ತಲೆಗೂ ಬರುವಂಥವು: ಹೊಳೆದ ಯೋಚನೆಗೆ ಬಲ್ಬು, ನ್ಯಾಯಕ್ಕೆ ತಕ್ಕಡಿ, ಗೊಂದಲಕ್ಕೆ ಪ್ರಶ್ನಾರ್ಥಕ ಚಿಹ್ನೆ, ನಿನ್ನ ಹುಡುಗ. ಅವನ್ನು ಗೀಚಿ ಹೊರಗೆ ಹಾಕಿದರೇನೇ ಏಳನೆಯದೋ ಎಂಟನೆಯದೋ ಬರುವುದು. ಹತ್ತಕ್ಕೂ ಸೇರಿ ಹದಿನೈದು ನಿಮಿಷ ದಾಟಬಾರದು. ಅಷ್ಟು ಚಿಕ್ಕ ಚೌಕದಲ್ಲಿ ಅರ್ಥವಾಗುವ ಚಿತ್ರ ಅಚ್ಚಿನಲ್ಲೂ ಅರ್ಥವಾಗುತ್ತದೆ, ಅದು ಇನ್ನೊಂದು ಲಾಭ.

ಒಂದೇ ಹುಡುಗನನ್ನು ಮತ್ತೆ ಮತ್ತೆ ಬರೆಯುವುದು ತಪ್ಪು ಅಂತ ಮಾತ್ರ ತಿಳಿಯಬೇಡ. ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ 1951ರಿಂದ ದಶಕಗಳ ಕಾಲ ಅದೇ ಚೌಕಳಿ ಕೋಟು ಹಾಕಿಕೊಂಡು ಬಂದ. ಮಾತಿಲ್ಲ. ಆದರೆ ಅವನು ಪ್ರತಿ ಸಲ ಬೇರೆ ಕಡೆ ನಿಂತು ಬೇರೆ ಏನನ್ನೋ ನೋಡುತ್ತಿದ್ದ. ನಿನ್ನ ಹುಡುಗನನ್ನೂ ಎಬ್ಬಿಸು. ಕೈ ಕೆಳಗಿಳಿಸಿ ಏನಾದರೂ ಮಾಡಲಿ.

ಎಂಟನೇ ಕ್ಲಾಸಿನವಳ ವಿಷಯ. ಅವಳ ಹತ್ತಿರ ಹೋಗಿ ಒಂದು ಕೈ ಬರೆದು ತೋರಿಸು ಅಂತ ಕೇಳು. ಕಲಿಯುವುದಕ್ಕೆ ಹೊಟ್ಟೆಕಿಚ್ಚಿಗಿಂತ ಅದು ಬೇಗ.

ಎರಡ್ನಿಮಿಷ

ಇಷ್ಟೆಲ್ಲ ಯಾಕೆ? ಎಐಗೆ "ಪರೀಕ್ಷೆ ಭಯ" ಅಂತ ಹೇಳಿದರೆ ಎರಡು ನಿಮಿಷದಲ್ಲಿ ಹತ್ತು ಚಿತ್ರ ಕೊಡುತ್ತದೆ.

ಹಳೇಪುಟದವ

ಕೊಡುತ್ತದೆ. ತಲೆ ಹಿಡಿದ ಹತ್ತು ಹುಡುಗರನ್ನು.

ಮಾಜಿಸಂಪಾದಕಿ

ನಾನು ಆ ಕಡೆಯವಳು. ಅಂದರೆ "ನಾಳೆಗೆ ಒಂದು ಚಿತ್ರ ಹಾಕಿಕೊಡು" ಅನ್ನುತ್ತಿದ್ದವಳು. ಈಗ ಕಾಲೇಜಿನಲ್ಲಿದ್ದೇನೆ, ಹತ್ತನೇ ಕ್ಲಾಸಿನಲ್ಲಿ ಶಾಲೆ ಪತ್ರಿಕೆಯ ಸಂಪಾದಕಿಯಾಗಿದ್ದೆ. ಮೊದಲಿಗೆ ನಿನಗೊಂದು ಕ್ಷಮೆ, ನಿಮ್ಮ ಸಂಪಾದಕರ ಪರವಾಗಿ. ನಾವು ಬೇಕಂತ ಹಾಗೆ ಮಾಡುವುದಿಲ್ಲ. ಲೇಖನವೇ ಹಿಂದಿನ ರಾತ್ರಿ ಬಂದಿರುತ್ತದೆ.

ನಮ್ಮಲ್ಲಿ ಒಬ್ಬನಿದ್ದ, ಅದ್ಭುತವಾಗಿ ಬರೆಯುತ್ತಿದ್ದ. ಒಂದು ದಿನವೂ ಹೊತ್ತಿಗೆ ಕೊಡುತ್ತಿರಲಿಲ್ಲ. ಒಂದು ಸಂಚಿಕೆಗೆ ಅವನಿಗೆ ಅಂತ ಅರ್ಧ ಪುಟ ಬಿಟ್ಟಿದ್ದೆ. ಚಿತ್ರ ಬರಲಿಲ್ಲ. ಕೊನೆಗೆ ಆ ಜಾಗಕ್ಕೆ ನಾಲ್ಕು ಒಗಟು ತುಂಬಿದೆ. ಮಾರನೇ ದಿನ ಚಿತ್ರ ಹಿಡಿದುಕೊಂಡು ಬಂದ, ನೋಡಿ ಅಳು ಬಂತು, ಅಷ್ಟು ಚೆನ್ನಾಗಿತ್ತು. ಆದರೆ ಮುಂದಿನ ಸಂಚಿಕೆಗೆ ಕೆಲಸ ಕೊಟ್ಟದ್ದು ಇನ್ನೊಬ್ಬಳಿಗೆ. ಅವಳು ಸುಮಾರಾಗಿ ಬರೆಯುತ್ತಿದ್ದಳು, ಆದರೆ ಎರಡು ದಿನ ಮೊದಲೇ ಪೆನ್ಸಿಲ್ ಕರಡು ತಂದು ತೋರಿಸುತ್ತಿದ್ದಳು. ವರ್ಷ ಮುಗಿಯುವ ಹೊತ್ತಿಗೆ ಅವಳೇ ಚೆನ್ನಾಗಿ ಬರೆಯುತ್ತಿದ್ದಳು.

ಕರಡು ತೋರಿಸು ಅಂತ ಅದಕ್ಕೇ ಹೇಳುತ್ತೇನೆ. ಶಾಯಿ ಹಾಕಿದ ಮೇಲೆ "ಇದು ಬೇಡ" ಅನ್ನಲು ನಮಗೂ ಮನಸ್ಸು ಬರುವುದಿಲ್ಲ, ನಿಮಗೂ ಕೋಪ ಬರುತ್ತದೆ. ಪೆನ್ಸಿಲ್ಲಿನಲ್ಲಿದ್ದಾಗ ಇಬ್ಬರಿಗೂ ಸಲೀಸು.

ಪುಟ ಕಟ್ಟುವಾಗ ನನಗೆ ತಲೆನೋವು ತರುತ್ತಿದ್ದ ಎರಡು ವಿಷಯ ಇವೆ, ಚಿತ್ರ ಬರೆಯುವವರಿಗೆ ಗೊತ್ತೇ ಇರುವುದಿಲ್ಲ. ಒಂದು, ಮುಖ ಯಾವ ಕಡೆ ತಿರುಗಿದೆ ಅನ್ನುವುದು. ಪುಟದ ಬಲ ಅಂಚಿನಲ್ಲಿ ಕೂರುವ ಚಿತ್ರದಲ್ಲಿ ಹುಡುಗಿ ಬಲಕ್ಕೆ ನೋಡುತ್ತಿದ್ದರೆ, ಅವಳು ಲೇಖನಕ್ಕೆ ಬೆನ್ನು ತಿರುಗಿಸಿ ಹೊರಗೆ ಹೋಗುತ್ತಿರುವ ಹಾಗೆ ಕಾಣುತ್ತದೆ. ಓದುವವರ ಕಣ್ಣೂ ಅವಳ ಜೊತೆ ಹೊರಗೆ ಹೋಗುತ್ತದೆ. ತಿರುಗಿಸಿ ಹಾಕೋಣ ಅಂದರೆ ಅಂಗಿಯ ಮೇಲಿನ ಅಕ್ಷರ ಉಲ್ಟಾ, ಗಡಿಯಾರ ಉಲ್ಟಾ. ಆದ್ದರಿಂದ ಅಳತೆ ಕೇಳುವಾಗಲೇ "ಎಡಗಡೆನಾ ಬಲಗಡೆನಾ?" ಅಂತಲೂ ಕೇಳಿಬಿಡು.

ಇನ್ನೊಂದು, ಚಿತ್ರದೊಳಗಿನ ಮಾತು. ಮಾತಿನ ಗುಳ್ಳೆಯಲ್ಲಿ ಕನ್ನಡ ಬರೆಯುವಾಗ ಎಲ್ಲರೂ ಸಾಲುಗಳನ್ನು ಒತ್ತಿಬಿಡುತ್ತಾರೆ. ನಮ್ಮ ಅಕ್ಷರಕ್ಕೆ ಮೇಲೂ ಜಾಗ ಬೇಕು, ಕೆಳಗೂ ಬೇಕು. "ಅಜ್ಜಿ ಕಷ್ಟಪಟ್ಟು ಹತ್ತಿದ್ದು" ಅಂತ ಎರಡು ಸಾಲು ಬರೆದು ನೋಡು. ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಚಿಕ್ಕದಾದಾಗ ಒತ್ತಿನ ಹೊಟ್ಟೆ ಮುಚ್ಚಿ, ಟ ಒತ್ತೋ ಠ ಒತ್ತೋ ಗೊತ್ತಾಗುವುದಿಲ್ಲ. ಗುಳ್ಳೆಯನ್ನು ಖಾಲಿ ಬಿಟ್ಟು, ಮಾತನ್ನು ಬೇರೆ ಚೀಟಿಯಲ್ಲಿ ಬರೆದು ಕೊಡು. ಪುಟ ಮಾಡುವವರು ಅಕ್ಷರ ಕೂರಿಸುತ್ತಾರೆ. ಗುಳ್ಳೆಯನ್ನು ನಿನಗೆ ಬೇಕು ಅನ್ನಿಸಿದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಹಾಕು.

ಕಂಪ್ಯೂಟರಿನಲ್ಲಿ ನೀನೇ ಅಕ್ಷರ ಕೂರಿಸುವೆಯಾದರೆ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯುನಿಕೋಡ್ ಅಕ್ಷರ ಬಳಸಿ, ಚಿತ್ರವಾಗಿಯೇ ಉಳಿಸಿ ಕಳಿಸು. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಮಾಡಿದ ಒಂದು ಕಡತ ಆ ಅಕ್ಷರ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದಾಗ ಪೂರ್ತಿ ಇಂಗ್ಲಿಷ್ ಕಸವಾಗಿ ಬಂದಿತ್ತು. ಪತ್ರಿಕೆ ಹೊರಡಲು ಅರ್ಧ ಗಂಟೆ ಇತ್ತು. ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ.

ಮೇಷ್ಟ್ರುಗಳನ್ನು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಬರಿ. ಆದರೆ ಅವರ ಮೈ, ಬಣ್ಣ, ನಡಿಗೆಯನ್ನು ಹಿಡಿದು ಗೇಲಿ ಮಾಡಬೇಡ. ಅವರು ಮಾಡುವ ಏನನ್ನಾದರೂ ಹಿಡಿ. ನಮ್ಮ ಗಣಿತದ ಮೇಡಂ ಸೀಮೆಸುಣ್ಣ ಮುಗಿದು ಉಗುರು ಹಲಗೆಗೆ ತಾಗುವವರೆಗೂ ಬರೆಯುತ್ತಿದ್ದರು. ಆ ಚೂರು ಸೀಮೆಸುಣ್ಣ, ಅದನ್ನು ಹಿಡಿದ ಎರಡು ಬೆರಳು, ಇಷ್ಟೇ ಬರೆದಿದ್ದೆವು. ಹೆಸರೇ ಹಾಕಲಿಲ್ಲ, ಇಡೀ ಶಾಲೆಗೆ ಗೊತ್ತಾಯಿತು. ಮೇಡಂ ಅದನ್ನು ಕತ್ತರಿಸಿ ಇಟ್ಟುಕೊಂಡರು.

ಕಡ್ಡಿಮನುಷ್ಯ

ನೋಡು, ಅಲ್ಲೂ ಕೈಯೇ. ತಪ್ಪಿಸಿಕೊಳ್ಳಲು ಆಗುವುದಿಲ್ಲ ನೀನು.

ಕಟ್ಟಿಂಗ್‌ಫೈಲು

ಎಲ್ಲರೂ ಹೇಳಿದ್ದು ಸರಿ. ನಾನು ಶಾಲೆಯಲ್ಲಿ ಪತ್ರಿಕೆ ನೋಡಿಕೊಳ್ಳುವ ಟೀಚರ್, ಚಿತ್ರ ಬರೆಯಲು ಬರುವುದಿಲ್ಲ. ಬರೆಯುವ ಮಕ್ಕಳನ್ನು ನೋಡಿದ್ದೇನೆ ಅಷ್ಟೇ.

ಮಗಾ, 14 ಚಿತ್ರ ಎಣಿಸಿ ಇಟ್ಟಿದ್ದೀಯಲ್ಲ, ಅವನ್ನು ಅಚ್ಚಾದ ರೂಪದಲ್ಲೇ ಕತ್ತರಿಸಿ ಒಂದು ಫೈಲಿಗೆ ಅಂಟಿಸು. ಪಕ್ಕದ ಪುಟದಲ್ಲಿ ನೀನು ಬರೆದ ಅಸಲು. ಎರಡರ ನಡುವೆ ಏನು ಕಳೆದುಹೋಯಿತು ಅಂತ ಪೆನ್ಸಿಲ್ಲಿನಲ್ಲಿ ಸುತ್ತು ಹಾಕು. ನಾನು ಪ್ರತಿ ವರ್ಷ ನಮ್ಮ ಮಕ್ಕಳಿಗೆ ಇದನ್ನು ಹೇಳುತ್ತೇನೆ. ಮಾಡುವವರು ಒಬ್ಬರೋ ಇಬ್ಬರೋ. ಅವರು ಮಾತ್ರ ಮುಂದಿನ ವರ್ಷ ಬೇರೆಯವರಾಗಿ ಬಂದಿರುತ್ತಾರೆ.

ಇನ್ನೊಂದು ಮಾತು, ಟೀಚರ್ ಆಗಿ ಹೇಳಲೇಬೇಕು. ಅಂತರ್ಜಾಲದ ಫೋಟೋ ಇಟ್ಟುಕೊಂಡು ಹಾಗೇ ನಕಲು ಮಾಡಬೇಡ, ಅದು ತೆಗೆದವರ ಸ್ವತ್ತು. ಯಾರಾದರೂ ಬಗ್ಗಿ ಕೂತದ್ದು ಬೇಕಿದ್ದರೆ ತಮ್ಮನನ್ನೋ ತಂಗಿಯನ್ನೋ ಕೂರಿಸಿ ನೀನೇ ಫೋಟೋ ತೆಗೆ. ನಕಲು ಹೊಡೆದದ್ದಕ್ಕಿಂತ ಅದು ಸೊಟ್ಟಗೆ ಬಂದರೂ ನಿನ್ನದು.

ಗೀಚುಪುಸ್ತಕ

ಎಲ್ಲರಿಗೂ ಥ್ಯಾಂಕ್ಸ್. ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕಾರಣ ಇದೆ.

ಕಾಲಂ ಅಳೆದೆ. 8.5 ಸೆಂ.ಮೀ. ಸಂಪಾದಕಿ ಅಕ್ಕನ ಮಾತು ಕೇಳಿ, ಎಡವೋ ಬಲವೋ ಅಂತಲೂ ಕೇಳಿದೆ. ನಮ್ಮ ಸಂಪಾದಕ ನನ್ನನ್ನು ವಿಚಿತ್ರವಾಗಿ ನೋಡಿದ.

ಈ ಸಲ ಮತ್ತೆ ಪರೀಕ್ಷೆ ಲೇಖನ. ಬರೆಯುತ್ತಿರುವ ಹುಡುಗಿಯ ಹತ್ತಿರ ಹೋಗಿ ಕೂತೆ. ಏನು ಕೇಳಬೇಕು ಅಂತ ತೋಚಲಿಲ್ಲ. ಪುಟದ ಸರ್ ಹೇಳಿದ್ದನ್ನೇ ಕೇಳಿದೆ, ಯಾಕೆ ಬರೀಬೇಕು ಅನ್ನಿಸ್ತು ಅಂತ. ಪರೀಕ್ಷೆ ಹಿಂದಿನ ರಾತ್ರಿ ಅವಳು ಮೂರು ಅಲಾರಂ ಇಟ್ಟು ಮಲಗುತ್ತಾಳಂತೆ. 4 ಗಂಟೆಗೆ ಒಂದು, 4:10ಕ್ಕೆ ಒಂದು, 4:20ಕ್ಕೆ ಒಂದು. ಆದರೆ ಮೂರರಲ್ಲಿ ಒಂದೂ ಇವತ್ತಿನವರೆಗೆ ಅವಳನ್ನು ಎಬ್ಬಿಸಿಲ್ಲವಂತೆ. 3:50ಕ್ಕೇ ಎಚ್ಚರವಾಗಿ, ಅವು ಹೊಡೆಯುವುದನ್ನು ಕಾಯುತ್ತ ಮಲಗಿರುತ್ತಾಳಂತೆ.

ಹತ್ತು ಚೌಕ ಹಾಕಿದೆ. ಮೊದಲ ಮೂರರಲ್ಲಿ ಅವನು ಬಂದ, ತಲೆ ಹಿಡಿದುಕೊಂಡು. ಕಳಿಸಿಬಿಟ್ಟೆ. ಎಂಟನೆಯದರಲ್ಲಿ ಮೂರು ಗಡಿಯಾರ ಸಾಲಾಗಿವೆ, ಹಿಂದೆ ಹುಡುಗಿ ಮಂಚದ ಮೇಲೆ ಮಲಗಿದ್ದಾಳೆ, ಕಿಟಕಿ, ಚಂದ್ರ, ಪುಸ್ತಕದ ರಾಶಿ. ಇದು ಸರಿನಾ?

ಹಳೇಪುಟದವ

ಮೂರು ಅಲಾರಂ ಚಿನ್ನದಂಥ ವಸ್ತು. ಯಾರಿಗೂ ಕೊಡಬೇಡ.

ಚಂದ್ರ ತೆಗೆ. ಕಿಟಕಿ ತೆಗೆ, ನಿಮ್ಮಮ್ಮ ಈ ಸಲ ಅದನ್ನು ಕಪಾಟು ಅಂದುಬಿಟ್ಟಾರು. ಪುಸ್ತಕದ ರಾಶಿ ಬೇಡ, ಪರೀಕ್ಷೆ ಅಂತ ತಲೆಬರಹವೇ ಹೇಳುತ್ತದೆ. ಮಂಚ ಪೂರ್ತಿ ಬೇಕಾ? ಹುಡುಗಿಯ ಮುಖದ ಎಷ್ಟು ಭಾಗ ಇದ್ದರೆ ಎಚ್ಚರವಾಗಿದ್ದಾಳೆ ಅಂತ ಗೊತ್ತಾಗುತ್ತದೆ? ಅಷ್ಟು ಸಾಕು. ಗಡಿಯಾರ ಮೂರೂ ಇರಲಿ, ಮೂರರಲ್ಲೂ ಮುಳ್ಳು 3:50ರಲ್ಲಿರಲಿ. ರಾತ್ರಿ ಅಲ್ವಾ, ಹಿಂದೆ ಪೂರ್ತಿ ಕಪ್ಪು ತುಂಬಿಬಿಡು. ಹೆದರಬೇಡ.

ಗೀಚುಪುಸ್ತಕ

ಬರೆದೆ ಸರ್. 17 ಸೆಂ.ಮೀ. ಅಗಲಕ್ಕೆ, 08 ಮತ್ತು 05. ಹಿಂದೆ ಎಲ್ಲ ಕಪ್ಪು. ಕಪ್ಪು ತುಂಬುವಾಗ ಒಂದು ಪೆನ್ನು ಪೂರ್ತಿ ಮುಗಿಯಿತು, ಕೊನೆಗೆ ಬ್ರಷ್ ಹಿಡಿದೆ. ಜೆರಾಕ್ಸಿನಲ್ಲಿ 50% ಮಾಡಿ ಅಮ್ಮನಿಗೆ ತೋರಿಸಿದೆ. "ಅಯ್ಯೋ ಪಾಪ, ನಿದ್ದೆ ಬಂದಿಲ್ಲ ಇವಳಿಗೆ" ಅಂದರು.

ಮುಖದಲ್ಲಿ ಎರಡು ಕಣ್ಣು ಮಾತ್ರ ಇಟ್ಟಿದ್ದೇನೆ. ಮೂಗಿನಿಂದ ಕೆಳಗೆ ಹೊದಿಕೆ. ಹೊದಿಕೆಯ ಅಂಚನ್ನು ಹಿಡಿದುಕೊಂಡಿರುವ ಕೈಯೂ ಇದೆ, ಎಂಟನೇ ಕ್ಲಾಸಿನವಳು ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ನಾಲ್ಕೇ ಬೆರಳು ಕಾಣುತ್ತಿವೆ. ಕಡ್ಡಿಮನುಷ್ಯ ಅಣ್ಣ ಬೈಯಬೇಡಿ, ಹೆಬ್ಬೆರಳು ಹೊದಿಕೆಯ ಒಳಗಡೆ ಇದೆ. ನಿಜವಾಗಲೂ ಇದೆ.